ಅತಿವೃದ್ಧರ ಆಹಾರ ಮತ್ತು ಹೃದಯಾರೋಗ್ಯ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವರು. ಆದರೆ ಊಟವನ್ನು ಬಲ್ಲುದೆಂದರೆ ಏನು? ಇಪ್ಪತ್ತರ ಹರೆಯದಲ್ಲಿ ಹಿತವಾದ ಊಟವೇ ಎಂಬತ್ತೈದರ ಮುಪ್ಪಿನಲ್ಲಿಯೂ ಹಿತವಾದೀತೇ? ನಲವತ್ತರಲ್ಲಿ ಹೃದಯವನ್ನು ಕಾಯುವ ಪಥ್ಯ ತೊಂಬತ್ತರಲ್ಲಿಯೂ ಅದನ್ನು ಕಾಯುವುದೇ? ಈ ಪ್ರಶ್ನೆಗಳನ್ನು ಗಾದೆ ಕೇಳುವುದಿಲ್ಲ, ನಾವು ಕೇಳಿಕೊಳ್ಳಬೇಕಾಗಿದೆ. ಕುರಕುಂಟಾ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಇಂದು ಎಂಬತ್ತನ್ನು ದಾಟಿದ ಹಿರಿಯರು ಅಪರೂಪವಲ್ಲ. ಅವರ ಮಕ್ಕಳೂ ಮೊಮ್ಮಕ್ಕಳೂ, ಅವರಲ್ಲಿ ನಮ್ಮ ಶಾಲೆಯ ಅನೇಕ ಹಳೆಯ ವಿದ್ಯಾರ್ಥಿಗಳು, ಹೈದರಾಬಾದ್, ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದ್ದಾರೆ. ಊರಿನಲ್ಲಿರುವ ಆಯಿ-ಮುತ್ಯಾರ ತಟ್ಟೆಯಲ್ಲಿ ಏನು ಬೀಳುತ್ತಿದೆ ಎಂಬುದು ಆದ್ದರಿಂದ ಕೇವಲ ವೈದ್ಯಶಾಸ್ತ್ರದ ವಿಷಯವಲ್ಲ. ಅದು ನಮ್ಮೆಲ್ಲರ ಮನೆಯ ವಿಷಯ.

ಈ ಲೇಖನವನ್ನು ಬರೆಯಲು ನನಗೆ ಒಂದು ಸ್ವಂತ ಕಾರಣವೂ ಉಂಟು. ಅದನ್ನು ಮುಂದೆ ಯಥಾಸ್ಥಾನದಲ್ಲಿ ನಿವೇದಿಸುತ್ತೇನೆ.

ವಯಸ್ಸಿನ ಲೆಕ್ಕ

ದೀರ್ಘಾಯುಷ್ಯದ ಚರ್ಚೆಯಲ್ಲಿ ಮೊದಲು ಎದುರಾಗುವ ತೊಡಕು ವಯಸ್ಸಿನದೇ. ನಮ್ಮ ಭಾಗದ ಹಿರಿಯರು ತಮ್ಮ ಹುಟ್ಟನ್ನು ಪಂಚಾಂಗದಿಂದಲ್ಲ, ಘಟನೆಗಳಿಂದ ಎಣಿಸುವವರು. "ರಜಾಕಾರರ ಗದ್ದಲದಾಗ ನಾ ಎಮ್ಮಿ ಕಾಯತಿದ್ದೆ" ಎಂದು ಒಬ್ಬ ಮುತ್ಯಾ ಹೇಳಿದರೆ, 1948ರ ಸೆಪ್ಟೆಂಬರ್ ತಿಂಗಳ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ಅವರಿಗೆ ಸುಮಾರು ಹತ್ತು ವರ್ಷವಾಗಿತ್ತೆಂದು ನಾವು ತಿಳಿಯಬೇಕು. ಅಂದರೆ ಈಗ ಅವರಿಗೆ ಎಂಬತ್ತೇಳು ಎಂಬತ್ತೆಂಟರ ಆಸುಪಾಸು. ಆದರೆ ಊರಿನವರು ಗೌರವದಿಂದ ಅವರನ್ನು ನೂರು ದಾಟಿಸಿಬಿಟ್ಟಿರುತ್ತಾರೆ!

ಇದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ದಕ್ಷಿಣ ಅಮೆರಿಕದ ಎಕ್ವಡಾರ್ ದೇಶದ ವಿಲ್ಕಬಾಂಬಾ ಎಂಬ ಕಣಿವೆಯಲ್ಲಿ ಶತಾಯುಷಿಗಳು ತುಂಬಿದ್ದಾರೆಂದು 1970ರ ದಶಕದ ಆದಿಯಲ್ಲಿ ಜಗತ್ತೇ ಬೆರಗಾಗಿತ್ತು. ಅಮೆರಿಕದ ಹೆಸರಾಂತ ವೈದ್ಯ ಅಲೆಕ್ಸಾಂಡರ್ ಲೀಫ್ ಅಲ್ಲಿಗೆ ಹೋಗಿ ಬಂದು 1973ರಲ್ಲಿ ಅದರ ಬಗ್ಗೆ ಬರೆದರು. ಮುಂದೆ ಮೇಜಸ್ ಮತ್ತು ಫೋರ್ಮನ್ ಎಂಬ ಸಂಶೋಧಕರು ಊರಿನ ಜನನ ಮರಣ ದಾಖಲೆಗಳನ್ನು ಒಂದೊಂದಾಗಿ ತಾಳೆ ನೋಡಿ 1979ರಲ್ಲಿ ಪ್ರಕಟಿಸಿದ ಫಲಿತಾಂಶವೇ ಬೇರೆ: ಅಲ್ಲಿ ನೂರು ತುಂಬಿದವರು ಒಬ್ಬರೂ ಇರಲಿಲ್ಲ; ಎಲ್ಲರಿಗಿಂತ ಹಿರಿಯರ ವಯಸ್ಸು 96. ಎಪ್ಪತ್ತು ದಾಟಿದ ಮೇಲೆ ಜನರು ತಮ್ಮ ವಯಸ್ಸನ್ನು ಹೆಚ್ಚಿಸಿ ಹೇಳುತ್ತಿದ್ದರು. ದಾಖಲೆಯಿಂದ ದೃಢಪಟ್ಟ ಅತಿ ದೀರ್ಘ ಆಯುಷ್ಯವೆಂದರೆ ಫ್ರಾನ್ಸಿನ ಜೀನ್ ಕಾಲ್ಮೆಂಟ್ ಎಂಬ ಮಹಿಳೆಯದು. 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಆಕೆ 122 ವರ್ಷ 164 ದಿನ ಬಾಳಿದರು.

ಆದ್ದರಿಂದ "ಇಂಥ ಊರಿನವರು ಇಂಥದನ್ನು ತಿಂದು ನೂರಿಪ್ಪತ್ತು ವರ್ಷ ಬದುಕುತ್ತಾರೆ" ಎಂಬ ಮಾತು ಕಿವಿಗೆ ಬಿದ್ದಾಗ ಮೊದಲು ಹುಟ್ಟಿದ ತಾರೀಖನ್ನು ಕೇಳುವುದು ವಿವೇಕ.

ಕನ್ನಡ ನಾಡಿನ ಶತಾಯುಷಿಗಳು

ದಾಖಲೆಯುಳ್ಳ ಶತಾಯುಷಿಗಳು ನಮ್ಮ ನಾಡಿನಲ್ಲಿಯೇ ಇದ್ದಾರೆ. ಸರ್ ಎಂ. ವಿಶ್ವೇಶ್ವರಯ್ಯನವರು ನೂರನ್ನು ಪೂರೈಸಿ 1962ರ ಏಪ್ರಿಲ್‌ನಲ್ಲಿ ನಿಧನರಾದರು. ನಿಘಂಟುಕಾರರಾದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1913ರಲ್ಲಿ ಜನಿಸಿ 2021ರ ಏಪ್ರಿಲ್‌ನಲ್ಲಿ, 107ನೆಯ ವಯಸ್ಸಿನಲ್ಲಿ ನಮ್ಮನ್ನಗಲಿದರು. ಕಾಸರಗೋಡಿನ ಕವಿ ಕಯ್ಯಾರ ಕಿಞ್ಞಣ್ಣ ರೈ ಅವರು 1915ರಲ್ಲಿ ಹುಟ್ಟಿ ನೂರು ತುಂಬಿದ ವರ್ಷವೇ, 2015ರಲ್ಲಿ, ತೀರಿಕೊಂಡರು. ಸ್ವಾತಂತ್ರ್ಯ ಹೋರಾಟಗಾರರಾದ ಎಚ್. ಎಸ್. ದೊರೆಸ್ವಾಮಿಯವರು 1918ರಲ್ಲಿ ಹುಟ್ಟಿದವರು. 103ನೆಯ ವಯಸ್ಸಿನಲ್ಲಿ ಕೋವಿಡ್ ವ್ಯಾಧಿಯಿಂದ ಚೇತರಿಸಿಕೊಂಡು ಮನೆಗೆ ಮರಳಿದ್ದ ಅವರು ಅದೇ 2021ರ ಮೇ ತಿಂಗಳಲ್ಲಿ ಹೃದಯಾಘಾತದಿಂದ ಅಸುನೀಗಿದರು. ನೂರು ವರ್ಷ ದುಡಿದ ಹೃದಯವೂ ಕೊನೆಗೊಮ್ಮೆ ದಣಿಯುತ್ತದೆ.

ಇವರೆಲ್ಲರಲ್ಲಿ ಆಹಾರದ ದೃಷ್ಟಿಯಿಂದ ಹೆಚ್ಚು ಚರ್ಚಿತರಾದವರು ತುಮಕೂರು ಸಿದ್ಧಗಂಗಾ ಮಠದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಜನಿಸಿ 2019ರ ಜನವರಿ 21ರಂದು ಲಿಂಗೈಕ್ಯರಾದ ಶ್ರೀಗಳು ಬಾಳಿದ್ದು 111 ವರ್ಷ. ಅವರ ದಿನಚರಿಯನ್ನು ವೃತ್ತಪತ್ರಿಕೆಗಳು ಅನೇಕ ಸಲ ವರ್ಣಿಸಿವೆ. ನಸುಕಿನ ಎರಡು ಗಂಟೆಯ ಸುಮಾರಿಗೆ ಏಳುವುದು, ಸ್ನಾನ, ಇಷ್ಟಲಿಂಗ ಪೂಜೆ. ತರುವಾಯ ಒಂದು ಇಡ್ಲಿ, ಹೆಸರುಬೇಳೆಯ ತೊವ್ವೆ, ಬೇವಿನ ಕಷಾಯ. ಮಧ್ಯಾಹ್ನ ಒಂದು ಚಿಕ್ಕ ರಾಗಿ ಮುದ್ದೆ, ಬೇಳೆಯ ಸಾರು, ತುಸು ಅನ್ನ. ರಾತ್ರಿ ಲಘುವಾದ ಉಪಾಹಾರ, ಹಣ್ಣು. ಸಾವಿರಾರು ಮಕ್ಕಳು ದಿನವೂ ಉಣ್ಣುವ ದಾಸೋಹದ ಒಡೆಯರು ತಮಗಾಗಿ ತೆಗೆದುಕೊಂಡದ್ದು ಇಷ್ಟೇ.

ಇದರಿಂದ ನಾವು ಕಲಿಯಬೇಕಾದದ್ದು ಏನು? ಬೇವಿನ ಕಷಾಯ ಕುಡಿದವರೆಲ್ಲರೂ ನೂರು ವರ್ಷ ಬಾಳುವರೆಂದು ಅರ್ಥಮಾಡಿದರೆ ಶಾಸ್ತ್ರಕ್ಕೆ ಅಪಚಾರ. ಒಬ್ಬ ವ್ಯಕ್ತಿಯ ಬಾಳು ನಿದರ್ಶನವಾದೀತು, ಪ್ರಮಾಣವಾಗದು. ಅದೇ ಊಟ ಉಂಡು ಅರವತ್ತಕ್ಕೇ ತೀರಿಹೋದವರ ಕಥೆಯನ್ನು ಯಾರೂ ಬರೆದಿಡುವುದಿಲ್ಲ. ಆದರೆ ಗಮನಿಸಬೇಕಾದ ಸಂಗತಿಗಳು ಮೂರು ಇವೆ. ಒಂದು, ಊಟ ಅಲ್ಪವಾಗಿದ್ದರೂ ಅದರಲ್ಲಿ ಧಾನ್ಯದ ಜೊತೆಗೆ ಬೇಳೆ ತಪ್ಪುತ್ತಿರಲಿಲ್ಲ. ಎರಡು, ಹೊತ್ತು ತಪ್ಪುತ್ತಿರಲಿಲ್ಲ. ಮೂರು, ಆ ಆಹಾರದ ಹಿಂದೆ ದಿನವಿಡೀ ಕಾಯಕವಿತ್ತು, ಸುತ್ತಲೂ ಜನರಿದ್ದರು. ನಾಲ್ಕನೆಯದೂ ಒಂದುಂಟು: ಪಿತ್ತನಾಳದ ತೊಂದರೆ ಕಾಣಿಸಿದಾಗ ಶ್ರೀಗಳು ಆಧುನಿಕ ವೈದ್ಯವನ್ನು ದೂರವಿಡಲಿಲ್ಲ. 2018ರ ಡಿಸೆಂಬರ್‌ನಲ್ಲಿ, 111ರ ವಯಸ್ಸಿನಲ್ಲಿ, ಚೆನ್ನೈನಲ್ಲಿ ಅವರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಮಿತಾಹಾರವೂ ಔಷಧವೂ ಪರಸ್ಪರ ವೈರಿಗಳಲ್ಲ.

ಮುಪ್ಪಿನ ಹೃದಯ

ನಿಮಿಷಕ್ಕೆ ಸುಮಾರು 70 ಸಲ ಬಡಿಯುವ ಹೃದಯವು ದಿನವೊಂದಕ್ಕೆ ಒಂದು ಲಕ್ಷ ಸಲ, ತೊಂಬತ್ತು ವರ್ಷಗಳಲ್ಲಿ 330 ಕೋಟಿಗೂ ಮಿಕ್ಕಿ ಬಡಿಯುತ್ತದೆ. ಇಷ್ಟು ಕಾಲವೂ ಅದು ಬಿಡುವಿಲ್ಲದೆ ದುಡಿಯುತ್ತದೆ. ಈ ದುಡಿತದ ಗುರುತುಗಳು ಮುಪ್ಪಿನಲ್ಲಿ ಕಾಣಿಸಿಕೊಳ್ಳುತ್ತವೆ. ಎಳೆತನದಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತಿದ್ದ ರಕ್ತನಾಳಗಳು ಕ್ರಮೇಣ ಬಿರುಸಾಗುತ್ತವೆ. ಬಿರುಸಾದ ಕೊಳವೆಯೊಳಗೆ ರಕ್ತವನ್ನು ನೂಕಬೇಕಾದಾಗ ಒತ್ತಡದ ಮೇಲಿನ ಅಂಕಿ ಏರುತ್ತದೆ. ಕೆಳಗಿನ ಅಂಕಿ ಏರದೆ ಕೆಲವೊಮ್ಮೆ ಇಳಿಯುತ್ತದೆ. ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗಿ, ರಕ್ತ ತುಂಬಿಕೊಳ್ಳುವಾಗ ಅದು ಸಡಿಲಗೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಕವಾಟಗಳಲ್ಲಿ ಸುಣ್ಣದ ಅಂಶ ಸೇರುವುದೂ, ಬಡಿತದ ತಾಳ ತಪ್ಪುವುದೂ ಈ ವಯಸ್ಸಿನಲ್ಲಿ ಹೆಚ್ಚು. ಎದೆನೋವಿಲ್ಲದೆ ಬರಿಯ ದಣಿವು, ಏದುಸಿರು, ಕಾಲುಬಾವುಗಳ ರೂಪದಲ್ಲಿ ಹೃದ್ರೋಗ ಕಾಣಿಸಿಕೊಳ್ಳುವುದು ವೃದ್ಧರಲ್ಲಿ ಸಾಮಾನ್ಯ. "ವಯಸ್ಸಾಯಿತು, ದಣಿವು ಸಹಜ" ಎಂದು ಮನೆಯವರು ಸುಮ್ಮನಾಗುವುದೂ ಅಷ್ಟೇ ಸಾಮಾನ್ಯ.

ಹೃದಯದೊಡನೆ ಇಡೀ ದೇಹವೂ ಮಾರ್ಪಡುತ್ತದೆ. ಮೂವತ್ತು ದಾಟಿದ ಮೇಲೆ ಪ್ರತಿ ದಶಕದಲ್ಲಿ ನೂರಕ್ಕೆ 3ರಿಂದ 8 ಭಾಗದಷ್ಟು ಮಾಂಸಖಂಡ ಕರಗುತ್ತದೆ. ಅರವತ್ತರ ನಂತರ ಈ ಗತಿ ಇನ್ನೂ ಹೆಚ್ಚು. ಬಾಯಾರಿಕೆಯ ಅರಿವು ಮಂದವಾಗುತ್ತದೆ. ಮೂತ್ರಪಿಂಡಗಳು ನೀರನ್ನು ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ನಾಲಿಗೆಯ ರುಚಿ ತಗ್ಗುತ್ತದೆ, ಹಲ್ಲು ಉದುರುತ್ತವೆ, ಹಸಿವು ಕುಂದುತ್ತದೆ. ಹೀಗೆ ಕಡಮೆ ತಿನ್ನುವ ಪ್ರವೃತ್ತಿ ತಾನಾಗಿಯೇ ಬಂದಿರುವಾಗ ಅದರ ಮೇಲೆ ನಾವು ಹೇರುವ ಪಥ್ಯ ಏನು ಮಾಡೀತು ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ.

ನನ್ನ ತಪ್ಪು

ಅವ್ವನಿಗೆ ಎಂಬತ್ತಾರು ನಡೆಯುತ್ತಿದ್ದಾಗ ರಕ್ತದೊತ್ತಡ ಹೆಚ್ಚಿದೆಯೆಂದು ತಿಳಿಯಿತು. ವೈದ್ಯರು ಒಂದು ಗುಳಿಗೆ ಬರೆದುಕೊಟ್ಟು, ಉಪ್ಪಿನಕಾಯಿ, ಹಪ್ಪಳಗಳನ್ನು ಬಿಡಿಸಿ ಎಂದರು. ನಾನು ಮಾಸ್ತರ. ಅಷ್ಟಕ್ಕೆ ತೃಪ್ತನಾಗಲಿಲ್ಲ. ಹೃದ್ರೋಗದ ಬಗ್ಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿ, ಶಾಲೆಯ ವೇಳಾಪಟ್ಟಿಯಂತೆ ಒಂದು ಪಟ್ಟಿಯನ್ನು ತಯಾರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ತುಪ್ಪ ನಿಂತಿತು. ಶೇಂಗಾ ಹಿಂಡಿ ನಿಂತಿತು. ಕೆನೆಯಿದೆಯೆಂದು ಹಾಲು ನಿಂತಿತು. ಬೇಳೆಗೆ ಉಪ್ಪು ಪೂರ್ತಿ ನಿಂತಿತು. ರಾತ್ರಿ ಊಟ ಅರ್ಧವಾಯಿತು. "ಯಪ್ಪಾ, ಉಪ್ಪಿಲ್ಲದ ಬ್ಯಾಳಿ ಗಂಟಲದಾಗ ಇಳಿಯಂಗಿಲ್ಲ" ಎಂದು ಅವ್ವ ಒಂದೆರಡು ಸಲ ಹೇಳಿದಳು. ಮಗ ಓದಿದವನು, ಒಳ್ಳೆಯದಕ್ಕೇ ಮಾಡುತ್ತಿದ್ದಾನೆ ಎಂದುಕೊಂಡು ಆಮೇಲೆ ಸುಮ್ಮನಾದಳು. ತಟ್ಟೆಯಲ್ಲಿ ಬಿಟ್ಟದ್ದನ್ನು ಸೊಸೆಗೆ ತಿಳಿಯದಂತೆ ಆಕಳಿಗೆ ಹಾಕುತ್ತಿದ್ದಳೆಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಎಂಟು ತಿಂಗಳಲ್ಲಿ ಅವಳ ಕೈಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ನಾನು ಅದನ್ನು ಪಥ್ಯದ ಯಶಸ್ಸೆಂದೇ ತಿಳಿದೆ. ಬೇಸಿಗೆ ಬಂತು. ಒಂದು ಮುಂಜಾನೆ ಬಚ್ಚಲಿಗೆ ಹೋಗಲು ಎದ್ದವಳು ತಲೆತಿರುಗಿ ಬಿದ್ದು ಮುಂಗೈ ಮುರಿದುಕೊಂಡಳು. ವೈದ್ಯರು ತೂಗಿ ನೋಡಿದರು. 46 ಕಿಲೋ ಇದ್ದವಳು 39ಕ್ಕೆ ಇಳಿದಿದ್ದಳು. ನಿಂತಾಗ ಅಳೆದರೆ ರಕ್ತದೊತ್ತಡ ಕುಸಿಯುತ್ತಿತ್ತು. ನನ್ನ ಪಟ್ಟಿಯ ಕಥೆಯನ್ನೆಲ್ಲ ಕೇಳಿದ ಮೇಲೆ ಅವರು ಶಾಂತವಾಗಿ, "ಮಾಸ್ತರರೇ, ನಾನು ಉಪ್ಪಿನಕಾಯಿ ಬಿಡಿಸಿ ಎಂದೆ, ಊಟ ಬಿಡಿಸಿ ಎಂದೆನೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ಮನೆಗೆ ಬಂದು ಗೋಡೆಯ ಪಟ್ಟಿಯನ್ನು ಕಿತ್ತುಹಾಕಿದೆ.

ಸಂಶೋಧನೆಗಳು ಹೇಳುವುದೇನು?

ನನ್ನ ತಪ್ಪಿನ ಮೂಲ ಎಲ್ಲಿತ್ತು? ಹೃದ್ರೋಗದ ಬಗ್ಗೆ ನಾನು ಓದಿದ್ದೆಲ್ಲವೂ ಬಹುಮಟ್ಟಿಗೆ ನಡುವಯಸ್ಸಿನವರನ್ನು ಕುರಿತದ್ದು. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದಲ್ಲಿ 1948ರಲ್ಲಿ ಆರಂಭವಾದ ಅಧ್ಯಯನವೂ, ಆನ್ಸೆಲ್ ಕೀಸ್ ಅವರು 1958ರಲ್ಲಿ ಆರಂಭಿಸಿದ ಏಳು ದೇಶಗಳ ಅಧ್ಯಯನವೂ ಕೊಬ್ಬು, ಕೊಲೆಸ್ಟರಾಲ್, ರಕ್ತದೊತ್ತಡ, ಧೂಮಪಾನಗಳು ಹೃದಯಕ್ಕೆ ಹೇಗೆ ಹಾನಿಕರವೆಂಬುದನ್ನು ಜಗತ್ತಿಗೆ ತಿಳಿಸಿಕೊಟ್ಟವು. ಆ ಪಾಠಗಳು ಇಂದಿಗೂ ಸತ್ಯವೇ. ನಲವತ್ತು, ಐವತ್ತರ ವಯಸ್ಸಿನವರು ಅವನ್ನು ಅಲಕ್ಷಿಸಿದರೆ ಎಂಬತ್ತನ್ನು ಕಾಣುವುದೇ ಸಂಶಯ.

ಆದರೆ ಎಂಬತ್ತೈದನ್ನು ದಾಟಿದ ದೇಹದ ಲೆಕ್ಕ ಬೇರೆ. ಹಾಲೆಂಡಿನ ಲೈಡನ್ ನಗರದಲ್ಲಿ 85 ವರ್ಷ ಮೀರಿದ 724 ಜನರನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಆ ವಯಸ್ಸಿನಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದವರು ಬೇಗ ಸಾಯಲಿಲ್ಲ. ಬದಲಾಗಿ ಅವರಲ್ಲಿ ಅರ್ಬುದ ಮತ್ತು ಸೋಂಕುಗಳಿಂದ ಸಾಯುವವರ ಸಂಖ್ಯೆ ಕಡಮೆಯಿತ್ತು. ಹಾಗೆಂದು ಮುಪ್ಪಿನಲ್ಲಿ ತುಪ್ಪದ ಹೊಳೆ ಹರಿಸಬೇಕೆಂದಲ್ಲ. ದೇಹ ಸೊರಗಿದಾಗ, ಒಳಗೆ ಬೇರೊಂದು ವ್ಯಾಧಿ ಬೆಳೆಯುತ್ತಿರುವಾಗ ಕೊಲೆಸ್ಟರಾಲ್ ತಾನಾಗಿ ಇಳಿಯುತ್ತದೆ; ಕಡಮೆ ಅಂಕಿ ಯಾವಾಗಲೂ ಆರೋಗ್ಯದ ಗುರುತಲ್ಲ. ಅತಿವೃದ್ಧರಲ್ಲಿ ಸೊರಗುವಿಕೆಯೇ ಒಂದು ದೊಡ್ಡ ಅಪಾಯ ಎಂಬುದು ಇದರ ತಾತ್ಪರ್ಯ.

ಇನ್ನು ರಕ್ತದೊತ್ತಡದ ಗುಳಿಗೆಯ ಬಗ್ಗೆ. "ಈ ವಯಸ್ಸಿನಲ್ಲಿ ಗುಳಿಗೆ ಯಾಕೆ?" ಎಂದು ಕೇಳುವವರು ಉಂಟು. 80 ದಾಟಿದ 3,845 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆ ಇದಕ್ಕೆ ಉತ್ತರ ಕೊಟ್ಟಿತು. ಒತ್ತಡವನ್ನು 150/80ಕ್ಕೆ ಇಳಿಸುವ ಗುರಿಯಿಂದ ಗುಳಿಗೆ ಕೊಟ್ಟವರಲ್ಲಿ ಮರಣ ನೂರಕ್ಕೆ 21ರಷ್ಟೂ, ಹೃದಯದ ಸೋಲು ನೂರಕ್ಕೆ 64ರಷ್ಟೂ ಕಡಮೆಯಾದವು. ಅಂದರೆ ಗುಳಿಗೆಯನ್ನು ಮನಸ್ಸಿಗೆ ಬಂದಂತೆ ನಿಲ್ಲಿಸುವುದು ತಪ್ಪು. ಅಂಕಿಯನ್ನು ಎಳೆಯರ ಮಟ್ಟಕ್ಕೆ ಇಳಿಸಲೇಬೇಕೆಂದು ಹಟ ಹಿಡಿಯುವುದೂ ಎಲ್ಲರಿಗೂ ಸಲ್ಲದು. ಯಾರಿಗೆ ಎಷ್ಟು ಎಂಬುದನ್ನು ನಿರ್ಧರಿಸಬೇಕಾದವರು ವೈದ್ಯರು. ಕುಳಿತಾಗ ಒಮ್ಮೆ, ನಿಂತಾಗ ಒಮ್ಮೆ ಒತ್ತಡವನ್ನು ಅಳೆಯಿರಿ ಎಂದು ಅವರನ್ನು ಕೇಳಿಕೊಳ್ಳುವುದು ಮಾತ್ರ ಮನೆಯವರ ಕರ್ತವ್ಯ.

ಯೂರೋಪಿನ ಹನ್ನೊಂದು ದೇಶಗಳಲ್ಲಿ 70ರಿಂದ 90 ವರ್ಷದ 2,339 ಹಿರಿಯರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೂ ಇಲ್ಲಿ ಉಲ್ಲೇಖಾರ್ಹ. ಕಾಳು, ತರಕಾರಿ, ಹಣ್ಣು, ಧಾನ್ಯಗಳೇ ಮುಖ್ಯವಾದ ಆಹಾರ, ನಿತ್ಯದ ನಡಿಗೆ, ಧೂಮಪಾನವರ್ಜನೆ ಮೊದಲಾದ ಅಭ್ಯಾಸಗಳು ಕೂಡಿದ್ದವರಲ್ಲಿ ಮರಣದ ಪ್ರಮಾಣ ಉಳಿದವರ ಅರ್ಧಕ್ಕಿಂತಲೂ ಕಡಮೆಯಿತ್ತು. ಒಳ್ಳೆಯ ಅಭ್ಯಾಸ ಎಪ್ಪತ್ತರ ನಂತರವೂ ಫಲ ಕೊಡುತ್ತದೆಂಬುದು ಸಮಾಧಾನದ ಸಂಗತಿ.

ನಮ್ಮ ನೆಲದ ಊಟ

ಈಗ ನಮ್ಮ ತಟ್ಟೆಯತ್ತ ಹೊರಳೋಣ. ಕಾಗಿಣಾ ನದಿಯ ಆಸುಪಾಸಿನ ಈ ಕರಿಯ ನೆಲದ ಅನ್ನವೆಂದರೆ ಜೋಳ ಮತ್ತು ತೊಗರಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರಕಿತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಪಟ್ಟಣದವರಿಗೆ ಜೋಳ ಹೊಸದಾಗಿ ಕಂಡಿತು. ನಮಗೆ ಅದು ತಲೆತಲಾಂತರದ ಊಟ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವೂ ಅಷ್ಟೇ ನಾರಿನಂಶವೂ ಇವೆ. ನಾರಿನಂಶ ಕೊಲೆಸ್ಟರಾಲನ್ನು ತಗ್ಗಿಸುವುದಕ್ಕೂ, ಊಟದ ನಂತರ ರಕ್ತದಲ್ಲಿ ಸಕ್ಕರೆ ದಿಢೀರನೆ ಏರದಂತೆ ತಡೆಯುವುದಕ್ಕೂ ಸಹಾಯಕ. ರೊಟ್ಟಿಯ ಹಿಟ್ಟಿಗೆ ಉಪ್ಪು ಬೇಕಿಲ್ಲ, ಬೇಯಿಸಲು ಎಣ್ಣೆ ಬೇಕಿಲ್ಲ. ಹೃದಯಕ್ಕೆ ಇದಕ್ಕಿಂತ ಸೌಮ್ಯವಾದ ಆಹಾರ ಯಾವುದಿದೆ? ಪುಂಡಿ ಪಲ್ಯ, ಮೆಂತ್ಯ, ರಾಜಗಿರಿ ಮೊದಲಾದ ಸೊಪ್ಪುಗಳು, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಕುಸುಬಿ ಎಣ್ಣೆ, ಮಜ್ಜಿಗೆ ಇವೆಲ್ಲ ಸೇರಿ ನಮ್ಮ ಹಿರಿಯರ ಊಟ ಪರಿಪೂರ್ಣವಾಗಿತ್ತು. ಅಗಸಿಯಲ್ಲಿರುವ ಕೊಬ್ಬು ಹೃದಯಕ್ಕೆ ಮಿತ್ರವಾದದ್ದು ಎಂದು ಆಹಾರತಜ್ಞರು ಇಂದು ಹೊಗಳುತ್ತಾರೆ. ನಮ್ಮ ಆಯಿಗಳು ಅದನ್ನು ಹುರಿದು ಕುಟ್ಟಿ ರೊಟ್ಟಿಯ ಮಗ್ಗುಲಿಗೆ ಬಹು ಹಿಂದಿನಿಂದಲೂ ಇಡುತ್ತ ಬಂದಿದ್ದಾರೆ.

ಆದರೆ ಹಳೆಯದೆಲ್ಲವೂ ನಿರ್ದೋಷವೆಂದು ಭಾವಿಸುವುದೂ ಸರಿಯಲ್ಲ. ಜೋಳವನ್ನೇ ನೆಚ್ಚಿಕೊಂಡಿದ್ದ ದಖ್ಖನಿನ ಬಡವರಲ್ಲಿ ಚರ್ಮ ಕಪ್ಪಗಾಗಿ ಒಡೆಯುವ ಪೆಲಾಗ್ರಾ ಎಂಬ ವ್ಯಾಧಿ ಹಿಂದೆ ಬಹಳವಾಗಿತ್ತು. ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯನವರು ಹೈದರಾಬಾದಿನಲ್ಲಿ ನಡೆಸಿದ ಸಂಶೋಧನೆಯಿಂದ, ಜೋಳದಲ್ಲಿ ಅತಿಯಾಗಿರುವ ಲ್ಯೂಸಿನ್ ಎಂಬ ಘಟಕ ದೇಹವು ನಯಾಸಿನ್ ಜೀವಸತ್ವವನ್ನು ಬಳಸಿಕೊಳ್ಳಲು ಅಡ್ಡಿಯಾಗಬಲ್ಲುದೆಂದು 1960ರಲ್ಲಿ ಪ್ರತಿಪಾದಿತವಾಯಿತು. ರೊಟ್ಟಿಯೊಡನೆ ಬೇಳೆ, ಸೊಪ್ಪು, ಶೇಂಗಾ, ಹಾಲು ಇದ್ದ ಮನೆಗಳಲ್ಲಿ ಈ ವ್ಯಾಧಿ ಬಾಧಿಸಲಿಲ್ಲ. ರೊಟ್ಟಿ ಒಂಟಿಯಾದಾಗ ಮಾತ್ರ ಕೇಡು. ಬರಿಯ ರೊಟ್ಟಿ ಕಾರವನ್ನು ಉಂಡು ಏಳುವ ಒಬ್ಬಂಟಿ ಮುದುಕಿಯರ ವಿಷಯದಲ್ಲಿ ಈ ಎಚ್ಚರಿಕೆ ಇಂದಿಗೂ ಅನ್ವಯಿಸುತ್ತದೆ.

ಇಲ್ಲಿ ಒಂದು ಸಣ್ಣ ಗಣಿತವನ್ನು ವಾಚಕರ ಮುಂದಿಡುತ್ತೇನೆ. ವೃದ್ಧರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಸಸಾರಜನಕ ಬೇಕೆಂದು ತಜ್ಞರ ಸಮಿತಿಯೊಂದು 2013ರಲ್ಲಿ ಸೂಚಿಸಿತು. 45 ಕಿಲೋ ತೂಗುವ ಆಯಿಗೆ ಇದು ಕನಿಷ್ಠ 45 ಗ್ರಾಂ. ಎರಡು ಹೊತ್ತಿಗೆ ಒಂದೊಂದು ರೊಟ್ಟಿ ಎಂದರೆ ಸುಮಾರು 140 ಗ್ರಾಂ ಹಿಟ್ಟು, ಅದರಿಂದ 14 ಗ್ರಾಂ. ತೆಳ್ಳನೆಯ ಬೇಳೆಯಲ್ಲಿ ಇಡೀ ದಿನಕ್ಕೆ 20 ಗ್ರಾಂ ತೊಗರಿ ಇದ್ದರೆ ಅದರಿಂದ 4 ಗ್ರಾಂ. ಒಟ್ಟು 18! ಅರ್ಧದಷ್ಟೂ ಆಗಲಿಲ್ಲ. ಇದೇ ಆಯಿಗೆ ಬೇಳೆಯನ್ನು ಗಟ್ಟಿಯಾಗಿ ಮಾಡಿ 60 ಗ್ರಾಂ ಆಗುವಂತೆ ಎರಡು ಹೊತ್ತು ಬಡಿಸಿದರೆ 13 ಗ್ರಾಂ; ಕಾಲು ಲೀಟರು ಹಾಲಿನಿಂದ ಅಥವಾ ಮೊಸರಿನಿಂದ 8 ಗ್ರಾಂ; ಒಂದು ಹಿಡಿ ಶೇಂಗಾ ಪುಡಿಯಿಂದ 7 ಗ್ರಾಂ. ಈಗ ಮೊತ್ತ 42ಕ್ಕೆ ಏರಿತು; ಹೆಸರುಕಾಳಿನ ಒಂದು ಪಲ್ಯ ಉಳಿದದ್ದನ್ನು ತುಂಬುತ್ತದೆ. ಇದಕ್ಕೆ ಬೇಕಾದದ್ದು ಶ್ರೀಮಂತಿಕೆಯಲ್ಲ. ಬೇಳೆಯ ಸೌಟನ್ನು ತಳದಿಂದ ಎತ್ತುವ ಮನಸ್ಸು. ಮೂತ್ರಪಿಂಡದ ವ್ಯಾಧಿಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಸಸಾರಜನಕವನ್ನು ಹೆಚ್ಚಿಸಬಾರದು.

ಉಪ್ಪು, ನೀರು, ಹೊತ್ತು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣ ಸಂಸ್ಥೆಗಳು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಉಪ್ಪು ಬೇಡ. ಸುಮಾರು ಒಂದು ಚಹಾಚಮಚದಷ್ಟು ಎನ್ನಬಹುದು. ನಮ್ಮಲ್ಲಿ ಉಪ್ಪು ಬೇಳೆ ಪಲ್ಯಗಳಲ್ಲಷ್ಟೇ ಅಲ್ಲ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚೂಡಾ, ಮಿರ್ಚಿ ಭಜಿಗಳಲ್ಲಿಯೂ ಅಡಗಿರುತ್ತದೆ. ಇವನ್ನು ಬಿಡಿಸಿ, ಬೇಳೆಯಲ್ಲಿ ರುಚಿಗೆ ತಕ್ಕಷ್ಟು ಉಳಿಸಿದರೆ ಹಿರಿಯರು ಉಣ್ಣುತ್ತಾರೆ. ಲಿಂಬೆರಸ, ಹುಣಸೆ, ಜೀರಿಗೆ, ಬೆಳ್ಳುಳ್ಳಿ, ಕೊತ್ತಂಬರಿಗಳು ಉಪ್ಪಿನ ಕೊರತೆಯನ್ನು ಬಹುಮಟ್ಟಿಗೆ ಮರೆಸುತ್ತವೆ. ಉಪ್ಪನ್ನು ಪೂರ್ತಿ ನಿಲ್ಲಿಸಿದರೆ, ಅದರಲ್ಲಿಯೂ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುತ್ತಿರುವವರಲ್ಲಿ, ರಕ್ತದ ಸೋಡಿಯಂ ಕುಸಿದು ಮಂಕು ಕವಿಯಬಹುದು; ಅದನ್ನು ನಾವು ಅರಳು ಮರಳು ಎಂದು ತಪ್ಪಾಗಿ ತಿಳಿಯಬಹುದು.

ಬೇಸಿಗೆಯ ವಿಷಯವನ್ನು ನಮ್ಮ ಭಾಗದವರಿಗೆ ವಿಶೇಷವಾಗಿ ಹೇಳಬೇಕು. ಕಲಬುರಗಿ ಜಿಲ್ಲೆಯ ಬಿಸಿಲು 43, 44 ಡಿಗ್ರಿ ಮುಟ್ಟುವುದು ಹೊಸತಲ್ಲ. ಸೇಡಂ, ಶಹಾಬಾದ ಸುತ್ತಿನ ಪರಸಿ ಕಲ್ಲಿನ ಮನೆಗಳು ರಾತ್ರಿಯೂ ಕಾವನ್ನು ಉಗುಳುತ್ತವೆ. ಬಾಯಾರಿಕೆ ತಿಳಿಯದ ಹಿರಿಯರಿಗೆ "ನೀರು ಬೇಕೇ?" ಎಂದು ಕೇಳಿದರೆ "ಬ್ಯಾಡ" ಎಂದೇ ಉತ್ತರ. ಕೇಳದೆ ಕೈಗೆ ಕೊಡಬೇಕು: ತೆಳು ಮಜ್ಜಿಗೆ, ಅಂಬಲಿ, ನೀರು, ಎರಡು ತಾಸಿಗೊಮ್ಮೆ ಒಂದು ಲೋಟ. ಹೃದಯದ ಸೋಲಿನಿಂದ ಕಾಲು ಬಾತವರಿಗೆ ನೀರಿನ ಮಿತಿಯನ್ನು ವೈದ್ಯರೇ ಹೇಳಿರುತ್ತಾರೆ; ಬೇಸಿಗೆಯ ಆರಂಭದಲ್ಲಿ ಆ ಮಿತಿಯನ್ನೂ ಗುಳಿಗೆಯ ಪ್ರಮಾಣವನ್ನೂ ಮತ್ತೊಮ್ಮೆ ಕೇಳಿ ತಿಳಿಯುವುದು ಅವಶ್ಯ.

ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂಬ ಮಾತನ್ನು ಹೇಳುತ್ತ ರಾತ್ರಿಯ ಊಟವನ್ನು ಬಿಡುವ ಹಿರಿಯರು ಅನೇಕರು. ಈ ಗಾದೆ ಹೊಟ್ಟೆತುಂಬ ಉಣ್ಣುವ ಗಟ್ಟಿಗರಿಗೆ ಹೇಳಿದ್ದು. ಒಂದು ಹೊತ್ತಿಗೆ ಅರ್ಧ ರೊಟ್ಟಿ ತಿನ್ನುವ ತೊಂಬತ್ತರ ಮುತ್ಯಾಗೆ ನಾಲ್ಕು ಹೊತ್ತೂ ಬೇಕು. ರೊಟ್ಟಿಯನ್ನು ಮುರಿದು ಹಾಲಿನಲ್ಲಿ ನೆನೆಸುವುದು, ಜೋಳದ ನುಚ್ಚಿಗೆ ಮಜ್ಜಿಗೆ ಬೆರೆಸುವುದು, ಬೇಳೆ ಅಕ್ಕಿಯ ಮೆತ್ತನೆಯ ಕಿಚಡಿಗೆ ಒಂದು ಚಮಚ ತುಪ್ಪ ಹಾಕುವುದು, ಇವು ಹಲ್ಲಿಲ್ಲದವರಿಗೆ ತಕ್ಕ ದಾರಿಗಳು.

ಊಟದಷ್ಟೇ ಮುಖ್ಯವಾದದ್ದು ನಡಿಗೆ. ನಮ್ಮ ಹಿರಿಯರು ಬೀಸಿದರು, ಕುಟ್ಟಿದರು, ಹೊಲಕ್ಕೆ ನಡೆದರು. ಕಾರ್ಖಾನೆಗಳಲ್ಲಿಯೂ ಕಲ್ಲುಗಣಿಗಳಲ್ಲಿಯೂ ದುಡಿದವರು ನಿವೃತ್ತರಾದ ಮರುದಿನವೇ ಕಟ್ಟೆಯ ಮೇಲೆ ಕುಳಿತುಬಿಟ್ಟರೆ ಮಾಂಸಖಂಡ ಬಹುಬೇಗ ಕರಗುತ್ತದೆ. ಗುಡಿಯವರೆಗೆ ಒಂದು ನಡಿಗೆ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಇಷ್ಟಾದರೂ ನಿತ್ಯ ನಡೆಯಲಿ. ಬೀಡಿಯನ್ನೂ ಎಲೆಯೊಡನೆ ಮೆಲ್ಲುವ ತಂಬಾಕನ್ನೂ ಬಿಡುವುದಕ್ಕೆ ಯಾವ ವಯಸ್ಸೂ ತಡವಲ್ಲ. ತೂಕ ಕಾರಣವಿಲ್ಲದೆ ಇಳಿದರೆ, ಮಲಗಿದಾಗ ಉಸಿರು ಕಟ್ಟಿದರೆ, ಕಾಲು ಬಾತರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಬೆಂಗಳೂರು, ಹೈದರಾಬಾದುಗಳಿಗೆ ಓಡಬೇಕಾಗಿದ್ದ ಕಾಲ ಈಗಿಲ್ಲ; ಕಲಬುರಗಿಯಲ್ಲಿಯೇ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ 2024ರ ಡಿಸೆಂಬರ್‌ನಲ್ಲಿ ಉದ್ಘಾಟನೆಗೊಂಡಿದೆ.

ಉಪಸಂಹಾರ

ಅವ್ವನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಹಾಲು ಮರಳಿ ಬಂತು, ಶೇಂಗಾ ಹಿಂಡಿ ಮರಳಿ ಬಂತು, ಬೇಳೆಗೆ ಹದವಾದ ಉಪ್ಪು ಬಂತು. ಗುಳಿಗೆಯ ಪ್ರಮಾಣವನ್ನು ವೈದ್ಯರು ಬದಲಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ನಾನು ಶಾಲೆಯಿಂದ ಬಂದು ಅವಳ ಎದುರಿಗೆ ಕುಳಿತು ಉಣ್ಣತೊಡಗಿದೆ. ಅಲ್ಲಿಯವರೆಗೆ ನಾನು ಅವಳ ಊಟದ ಪಟ್ಟಿಯನ್ನು ನೋಡಿದ್ದೆನೇ ಹೊರತು ಅವಳು ಉಣ್ಣುವುದನ್ನು ನೋಡಿರಲಿಲ್ಲ. ಆರು ತಿಂಗಳಲ್ಲಿ ತೂಕ 43ಕ್ಕೆ ಬಂತು. ಮುಂದೆ ಅವಳು ನಾಲ್ಕು ವರ್ಷ ಬಾಳಿದಳು. ಕೊನೆಯ ಎಳ್ಳ ಅಮಾವಾಸ್ಯೆಯಂದೂ ಹೊಲಕ್ಕೆ ಬಂದು ಭಜ್ಜಿ, ಸಜ್ಜೆಯ ಕಡುಬು ಉಂಡಳು. ಆ ನಾಲ್ಕು ವರ್ಷಗಳನ್ನು ನನ್ನ ಪಟ್ಟಿ ಕಸಿದುಕೊಳ್ಳಲಿತ್ತು ಎಂಬುದನ್ನು ನೆನೆದಾಗ ಇಂದಿಗೂ ಎದೆ ನಡುಗುತ್ತದೆ.

ಆದ್ದರಿಂದ ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ: ಮಕ್ಕಳಿಗೆ ಆಹಾರದ ಪಾಠ ಹೇಳುವಾಗ, ತಮ್ಮ ಮನೆಯ ಹಿರಿಯರು ಒಂದು ದಿನದಲ್ಲಿ ಏನೇನು ಉಂಡರು, ಎಷ್ಟು ನೀರು ಕುಡಿದರು ಎಂಬುದನ್ನು ಬರೆದು ತರಲು ಹೇಳಿರಿ, ಜೊತೆಗೆ ಅವರು ಹುಟ್ಟಿದ ವರ್ಷವನ್ನು ಘಟನೆಗಳಿಂದ ಲೆಕ್ಕಹಾಕಿಸಿರಿ. ಗಣಿತ, ಇತಿಹಾಸ, ಆರೋಗ್ಯ ಮೂರೂ ಒಂದೇ ಪಾಠದಲ್ಲಿ ಬಂದಾವು. ದಾನಿಗಳಲ್ಲಿ ಬಿನ್ನಹ: ಕಟ್ಟಡಗಳಿಗೆ ಕೊಡುವಂತೆಯೇ, ವರ್ಷಕ್ಕೊಮ್ಮೆ ಶಾಲೆಯ ಆವರಣದಲ್ಲಿ ಊರ ಹಿರಿಯರ ತೂಕ ಮತ್ತು ರಕ್ತದೊತ್ತಡ ಪರೀಕ್ಷೆಗೂ ನೆರವಾಗಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ಬಿನ್ನಹ: ಹಣವನ್ನೂ ಗುಳಿಗೆಗಳನ್ನೂ ತಪ್ಪದೆ ಕಳಿಸುತ್ತೀರಿ, ಸಂತೋಷ. ಮುಂದಿನ ಸಲ ಊರಿಗೆ ಬಂದಾಗ ಆಯಿಯ ಎದುರಿಗೆ ಕುಳಿತು ಒಂದು ಹೊತ್ತು ಉಂಡು ನೋಡಿರಿ. ಅವರ ತಟ್ಟೆಯಲ್ಲಿ ಏನು ಉಳಿಯಿತೆಂಬುದನ್ನೂ ಗಮನಿಸಿರಿ.

ನಮ್ಮ ಹಿರಿಯರ ಆಯುಷ್ಯ ದೀರ್ಘವಾಗಲಿ. ಆ ಆಯುಷ್ಯದೊಳಗೆ ರುಚಿಯೂ ಉಳಿಯಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.